ತಣ್ಣೀರಿನ ಮೃದು ಹವಳ ಮತ್ತು ಅರಬ್ಬೀ ಸಮುದ್ರದ ಆಮ್ಲಜನಕ

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಯಲವಿಗಿ ಹದಿನೈದು ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಆ ಅಕ್ಷಾಂಶದ ಗೆರೆಯನ್ನೇ ಹಿಡಿದು ಪಡುವಣಕ್ಕೆ ಸಾಗಿದರೆ, ಶಿಗ್ಗಾಂವಿ, ಮುಂಡಗೋಡಗಳ ಆಸುಪಾಸನ್ನು ದಾಟಿ, ಯಲ್ಲಾಪುರದ ಕಾಡನ್ನೂ ಕಾಳಿ ನದಿಯ ಕಣಿವೆಯನ್ನೂ ಹಾಯ್ದು, ನೂರು ಕಿಲೋಮೀಟರಿಗೂ ಮಿಗಿಲಾದ ನೆಲದ ಹಾದಿ ಮುಗಿದ ಮೇಲೆ ಕಾರವಾರ ಮತ್ತು ಕಾಣಕೋಣಗಳ ನಡುವೆ ಕಡಲು ಎದುರಾಗುತ್ತದೆ. ಗೆರೆ ಅಲ್ಲಿಗೆ ನಿಲ್ಲುವುದಿಲ್ಲ. ದಡದಿಂದಾಚೆಗೆ ಸುಮಾರು ನೂರು ಕಿಲೋಮೀಟರಿನಷ್ಟು ದೂರ ಕಡಲ ತಳವು ಅರಿವಿಗೆ ಬಾರದಷ್ಟು ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಭೂಗೋಳದ ಪಠ್ಯಗಳಲ್ಲಿ ಭೂಖಂಡಾವರಣ ಎಂದು ಕರೆಯುವ ಪ್ರದೇಶವಿದು. ಅದರ ಅಂಚು ದಾಟಿದೊಡನೆ ತಳ ಕಡಿದಾಗಿ ಇಳಿದು ಸಾವಿರ, ಎರಡು ಸಾವಿರ ಮೀಟರ್ ಆಳಕ್ಕೆ ತಲುಪುತ್ತದೆ. ಮೇಲ್ಮೈಯಲ್ಲಿ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರುವ ನೀರು 200 ಮೀಟರ್ ಆಳದಲ್ಲಿ 15–16 ಡಿಗ್ರಿಗೆ, ಸಾವಿರ ಮೀಟರಿನಲ್ಲಿ ಎಂಟರ ಸಮೀಪಕ್ಕೆ, ಎರಡು ಸಾವಿರ ಮೀಟರಿನಲ್ಲಿ ಮೂರು ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಕಾರವಾರದ ದಂಡೆಯಲ್ಲಿ ಬೆವರು ಸುರಿಸುವ ಸೆಕೆ ಇರುವ ದಿನದಲ್ಲಿಯೂ ಅದೇ ಸಮುದ್ರದ ಒಡಲಿನಲ್ಲಿ ಧ್ರುವಪ್ರದೇಶದ ಚಳಿಯೇ ನೆಲೆಸಿರುತ್ತದೆ.

ಉತ್ತರ ಅಟ್ಲಾಂಟಿಕ್ ಸಾಗರದ ತಣ್ಣನೆಯ ನೀರಿನಲ್ಲಿ ಮೃದು ಹವಳಗಳು ಬಂಡೆಗಳನ್ನು ಮುಚ್ಚುವಷ್ಟು ಒತ್ತಾಗಿ ಬೆಳೆಯುತ್ತವೆ. ಬದುಕಲು ಚಳಿಯೊಂದೇ ಸಾಕಾಗಿದ್ದರೆ, ಕರ್ನಾಟಕದ ಕಡಲಿನ ಈ ಇಳಿಜಾರಿನ ಉದ್ದಕ್ಕೂ ಅವು ಅಷ್ಟೇ ಸಮೃದ್ಧವಾಗಿ ಹರಡಿರಬೇಕಾಗಿತ್ತು. ಆದರೆ ಇಲ್ಲಿನ ಇಳಿಜಾರಿನ ಮೇಲ್ಭಾಗವು ಅಂಥ ಜೀವಿಗಳಿಗೆ ಒಗ್ಗುವ ತಾಣವಲ್ಲ. ಇದರ ಕಾರಣವನ್ನು ಅರಿಯಲು ಮೊದಲು ಆ ಜೀವಿಯ ಮೈಕಟ್ಟನ್ನೂ ಬಾಳುವೆಯ ಬಗೆಯನ್ನೂ ನೋಡಬೇಕು.

ಹವಳವು ಪ್ರಾಣಿ. ಅದರ ಒಂದೊಂದು ಘಟಕವನ್ನು ಪಾಲಿಪ್ ಎನ್ನುತ್ತಾರೆ. ಒಂದು ತುದಿಯಲ್ಲಿ ಬಾಯಿ, ಬಾಯಿಯ ಸುತ್ತ ಸ್ಪರ್ಶಾಂಗಗಳು, ಒಳಗೆ ಜಠರದ ಪೊಳ್ಳು ಇರುವ ಈ ಪುಟ್ಟ ಕೊಳವೆಯಂಥ ಜೀವಿಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಸಮೂಹವಾಗಿ ಬಾಳುತ್ತವೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳಲ್ಲಿ ಸ್ಪರ್ಶಾಂಗಗಳು ಆರರ ಮಡಿಯಲ್ಲಿದ್ದು, ಪಾಲಿಪ್‌ಗಳು ತಮ್ಮ ಬುಡದಲ್ಲಿ ಸುಣ್ಣದ ಬಟ್ಟಲನ್ನು ಕಟ್ಟಿಕೊಳ್ಳುತ್ತವೆ. ಮೃದು ಹವಳಗಳಲ್ಲಿ ಸ್ಪರ್ಶಾಂಗಗಳು ಎಂಟೇ ಎಂಟು; ಒಂದೊಂದು ಸ್ಪರ್ಶಾಂಗವೂ ಹುಣಸೆ ಎಲೆಯ ಹಾಗೆ ನಡುದಂಟಿನ ಎರಡೂ ಬದಿಗೆ ಕಿರುಕವಲುಗಳನ್ನು ಹೊತ್ತಿರುತ್ತದೆ. ಇವಕ್ಕೆ ಸುಣ್ಣದ ಬಟ್ಟಲಿಲ್ಲ. ಅದರ ಬದಲಿಗೆ ಮಾಂಸಲವಾದ ಮೈಯೊಳಗೆ ಸ್ಕ್ಲಿರೈಟ್ ಎಂಬ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಆಕಾರ ತೋರುವ ಸುಣ್ಣದ ಕಡ್ಡಿಗಳು ಚದುರಿಕೊಂಡಿರುತ್ತವೆ. ಸಮೂಹವು ನೀರನ್ನು ಒಳಗೆಳೆದುಕೊಂಡಾಗ ಉಬ್ಬಿ ಎದ್ದು ನಿಲ್ಲುತ್ತದೆ, ನೀರನ್ನು ಹೊರಚೆಲ್ಲಿದಾಗ ಕುಗ್ಗಿ ಬಂಡೆಗೆ ಅಂಟಿದ ಮುದ್ದೆಯಾಗುತ್ತದೆ. ಕಡ್ಡಿಗಳ ಆಕಾರ ಜಾತಿಯಿಂದ ಜಾತಿಗೆ ಬೇರೆಯಾಗಿರುವುದರಿಂದ, ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಎರಡು ಮೃದು ಹವಳಗಳನ್ನು ಬೇರ್ಪಡಿಸಲು ಜೀವವಿಜ್ಞಾನಿಗಳು ಮೈಯ ಒಂದು ಚೂರನ್ನು ಕರಗಿಸಿ, ಉಳಿದ ಕಡ್ಡಿಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಇಟ್ಟು ನೋಡುತ್ತಾರೆ. ಎಂಟು ಸ್ಪರ್ಶಾಂಗಗಳ ಈ ಬಳಗಕ್ಕೆ ಆಕ್ಟೊಕೊರೇಲಿಯ ಎಂದು ಹೆಸರು. ಕಡಲ ಬೀಸಣಿಗೆಗಳೂ ಕಡಲ ಗರಿಗಳೂ ಇದೇ ಬಳಗದವು. ವಂಶವಾಹಿಗಳ ಅಧ್ಯಯನದ ಆಧಾರದ ಮೇಲೆ 2022ರಲ್ಲಿ ಈ ಬಳಗದ ವರ್ಗೀಕರಣವನ್ನೇ ಹೊಸದಾಗಿ ರೂಪಿಸಲಾಗಿದ್ದು, ಮೃದು ಹವಳ ಮತ್ತು ಕಡಲ ಬೀಸಣಿಗೆಗಳ ನಡುವೆ ಹಿಂದಿನವರು ಎಳೆದಿದ್ದ ಗಡಿ ಬಹುಮಟ್ಟಿಗೆ ಅಳಿಸಿಹೋಗಿದೆ.

ತಣ್ಣೀರಿನ ಮೃದು ಹವಳಗಳ ಪೈಕಿ ಅತ್ಯಂತ ನಿಕಟವಾಗಿ ಅಧ್ಯಯನಕ್ಕೆ ಒಳಗಾದದ್ದು ಅಲ್ಸಿಯೋನಿಯಂ ಡಿಜಿಟೇಟಂ ಎಂಬ ಜಾತಿ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಇದಕ್ಕೆ ಈ ಹೆಸರನ್ನಿಟ್ಟರು. ಪೋರ್ಚುಗಲ್ಲಿನಿಂದ ಬ್ರಿಟನ್, ನಾರ್ವೆ, ಐಸ್‌ಲೆಂಡ್‌ವರೆಗಿನ ಕರಾವಳಿಯಲ್ಲಿ, ಇಳಿತದ ಗೆರೆಯಿಂದ ಸುಮಾರು ಐವತ್ತು ಮೀಟರ್ ಆಳದವರೆಗೆ, ಬಂಡೆ, ದೊಡ್ಡ ಚಿಪ್ಪು, ಮುಳುಗಿದ ಹಡಗಿನ ಕಬ್ಬಿಣ, ಹೀಗೆ ಕಾಲೂರಲು ಗಟ್ಟಿ ನೆಲೆ ಸಿಕ್ಕಲ್ಲೆಲ್ಲ ಇದು ಬೆಳೆಯುತ್ತದೆ. ಬಿಳಿ ಅಥವಾ ಕಿತ್ತಳೆ ಬಣ್ಣದ, ದಪ್ಪ ಬೆರಳುಗಳಾಗಿ ಕವಲೊಡೆದ, ಇಪ್ಪತ್ತು ಸೆಂಟಿಮೀಟರ್‌ವರೆಗೆ ಎತ್ತರವಾಗುವ ಈ ಸಮೂಹವನ್ನು ಅಲ್ಲಿನ ಮೀನುಗಾರರು ಸತ್ತವನ ಬೆರಳು ಎಂಬ ಅರ್ಥ ಬರುವ ಹೆಸರಿನಿಂದ ಕರೆಯುತ್ತ ಬಂದಿದ್ದಾರೆ. ಪಾಲಿಪ್‌ಗಳು ಅರಳಿದಾಗ ಬೆರಳುಗಳ ಮೇಲೆ ಬಿಳಿಯ ನವಿರು ಎದ್ದಂತೆ ಕಾಣುತ್ತದೆ.

ಉಷ್ಣವಲಯದ ದಿಬ್ಬ ಕಟ್ಟುವ ಹವಳಗಳ ಅಂಗಾಂಶದಲ್ಲಿ ಝೂಸ್ಯಾಂಥೆಲ್ಲೆ ಎಂಬ ಏಕಕೋಶದ ಪಾಚಿಗಳಿದ್ದು, ಅವು ಬಿಸಿಲಿನಿಂದ ತಯಾರಿಸಿದ ಆಹಾರದ ಬಹುಪಾಲನ್ನು ಹವಳಕ್ಕೆ ಒದಗಿಸುತ್ತವೆ. ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಬೆಳೆಯುವ ಗಟ್ಟಿ ಹವಳಗಳು ಬೆಳಕು ತಲುಪುವ ತೆಳುನೀರಿಗೆ ಅಂಟಿಕೊಂಡಿರುವುದು ಈ ಕಾರಣಕ್ಕೇ. ಅಲ್ಸಿಯೋನಿಯಂ ಡಿಜಿಟೇಟಂನಲ್ಲಿ ಇಂಥ ಪಾಚಿಗಳಿಲ್ಲ. ಆಳದ ಯಾವ ತಣ್ಣೀರಿನ ಹವಳದಲ್ಲಿಯೂ ಇಲ್ಲ. ಇವು ಹೊಟ್ಟೆ ತುಂಬಿಸಿಕೊಳ್ಳಬೇಕಾದದ್ದು ನೀರು ಹೊತ್ತು ತಂದದ್ದರಿಂದ ಮಾತ್ರ. ತೇಲುವ ಸಣ್ಣ ಜೀವಿಗಳು, ಅವುಗಳ ಮರಿಗಳು, ಮೇಲಿನ ಪದರದಿಂದ ಉದುರಿ ಬರುವ ಸಾವಯವ ಕಣಗಳು ಸ್ಪರ್ಶಾಂಗಗಳ ಕಿರುಕವಲಿಗೆ ಸಿಕ್ಕಿಬಿದ್ದಾಗಲೇ ಇವುಗಳ ಊಟ. ಇದ್ದಲ್ಲಿಂದ ಅಲುಗಾಡಲಾಗದ ಪ್ರಾಣಿಗೆ ನಿಂತ ನೀರೆಂದರೆ ಉಪವಾಸ. ಆದ್ದರಿಂದ ಉಬ್ಬರವಿಳಿತದ ಸೆಳೆತ ಜೋರಾಗಿರುವ ಕಡಿದಾದ ಬಂಡೆಗಳ ಮೇಲೆಯೇ ಈ ಹವಳ ದಟ್ಟವಾಗಿರುತ್ತದೆ.

ಐರಿಷ್ ಸಮುದ್ರದ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ರಿಚರ್ಡ್ ಹಾರ್ಟ್‌ನಾಲ್ 1970ರ ದಶಕದಲ್ಲಿ ಈ ಜಾತಿಯ ವರ್ಷಚಕ್ರವನ್ನು ವಿವರವಾಗಿ ದಾಖಲಿಸಿದರು. ಅಲ್ಲಿನ ನೀರು ಚಳಿಗಾಲದಲ್ಲಿ ಏಳೆಂಟು ಡಿಗ್ರಿಗೆ ಇಳಿದು, ಬೇಸಿಗೆಯ ಕೊನೆಯಲ್ಲಿ ಹದಿನಾಲ್ಕರ ಆಸುಪಾಸಿಗೆ ಏರುತ್ತದೆ. ಬೇಸಿಗೆ ಮಾಗುತ್ತಿದ್ದಂತೆ, ಜುಲೈ ಕೊನೆ ಅಥವಾ ಆಗಸ್ಟ್‌ನ ಹೊತ್ತಿಗೆ, ಪಾಲಿಪ್‌ಗಳು ಒಳಸರಿದು ಊಟ ನಿಲ್ಲಿಸುತ್ತವೆ. ಸಮೂಹ ಕುಗ್ಗುತ್ತದೆ, ಅದರ ಮೇಲೆ ಕೆಂಗಂದು ಬಣ್ಣದ ತೆಳುಪೊರೆ ಮೂಡುತ್ತದೆ, ಆ ಪೊರೆಯ ಮೇಲೆ ಪಾಚಿಯೂ ಹೈಡ್ರಾಯ್ಡ್ ಎಂಬ ಸಣ್ಣ ಜೀವಿಗಳೂ ಮನೆ ಮಾಡಿಕೊಳ್ಳುತ್ತವೆ. ನೋಡಿದವರಿಗೆ ಹವಳ ಸತ್ತಿದೆ ಎನಿಸುವ ಈ ಸ್ಥಿತಿ ನಾಲ್ಕೈದು ತಿಂಗಳು ಮುಂದುವರಿಯುತ್ತದೆ. ಆದರೆ ಇದೇ ಅವಧಿಯಲ್ಲಿ ಒಳಗೆ ಅಂಡಾಣು ಮತ್ತು ವೀರ್ಯಾಣುಗಳು ಬಲಿಯುತ್ತಿರುತ್ತವೆ. ಬಹುಪಾಲು ಸಮೂಹಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಡಿಸೆಂಬರ್‌ನಲ್ಲಿ ಸಮೂಹವು ತನ್ನ ಮೇಲೆ ಬೆಳೆದ ಎಲ್ಲದರ ಸಮೇತ ಆ ಪೊರೆಯನ್ನು ಕಳಚಿ ಹಾಕಿ, ಮತ್ತೆ ಪಾಲಿಪ್‌ಗಳನ್ನು ಅರಳಿಸುತ್ತದೆ. ಡಿಸೆಂಬರ್, ಜನವರಿ ತಿಂಗಳುಗಳ ತೀವ್ರ ಚಳಿಯಲ್ಲಿ ಅಂಡಾಣು, ವೀರ್ಯಾಣುಗಳನ್ನು ನೀರಿಗೆ ಬಿಡುತ್ತದೆ. ಹುಟ್ಟಿದ ಲಾರ್ವಾಗಳು ಹಲವು ದಿನ ತೇಲಿ, ತಳಕ್ಕೆ ಇಳಿದು, ಗಟ್ಟಿ ನೆಲ ಹುಡುಕಿ ಅಂಟಿಕೊಳ್ಳುವ ಹೊತ್ತಿಗೆ ವಸಂತದ ಬಿಸಿಲು ಏರಿ ನೀರಿನ ತುಂಬ ತೇಲುಜೀವಿಗಳು ಉಕ್ಕುತ್ತವೆ. ಹೊಸ ಪಾಲಿಪ್‌ಗೆ ಮೊದಲ ತುತ್ತು ಆಗ ದೊರೆಯುತ್ತದೆ. ಎರಡು ಮೂರು ವರ್ಷಗಳಲ್ಲಿ ಪ್ರಾಯಕ್ಕೆ ಬರುವ ಈ ಸಮೂಹ ಇಪ್ಪತ್ತು ವರ್ಷಕ್ಕೂ ಮೀರಿ ಬಾಳಬಲ್ಲುದು. ಋತುಮಾನಕ್ಕೆ ಇಷ್ಟು ಕರಾರುವಾಕ್ಕಾಗಿ ಹೊಂದಿಕೊಂಡ ಬದುಕನ್ನು, ಕಣ್ಣಾಗಲಿ ಮಿದುಳಾಗಲಿ ಇಲ್ಲದ ಒಂದು ಜೀವಿ ನಡೆಸುತ್ತದೆಯೆಂಬುದು ನಿಜಕ್ಕೂ ಬೆರಗಿನ ಸಂಗತಿ. ಈ ಮೆತ್ತನೆಯ ಮೈಯನ್ನು ಮೇಯುವವರೂ ಇದ್ದಾರೆ: ಟ್ರೈಟೋನಿಯಾ ಹೊಂಬರ್ಗೈ ಎಂಬ ದೊಡ್ಡ ಕಡಲ ಗೊಂಡೆಹುಳು ಬಾಳುವುದೇ ಇದನ್ನು ತಿಂದು.

ಆಳ ಹೆಚ್ಚಿದಂತೆ ಬೇರೆ ಜಾತಿಗಳು ಕಾಣಿಸಿಕೊಳ್ಳುತ್ತವೆ. ನಾರ್ವೆಯ ಕಮರಿಗಳಿಂದ ಕೆನಡಾದ ನೋವಾ ಸ್ಕೋಷಿಯಾದವರೆಗೆ, ಸಾಮಾನ್ಯವಾಗಿ 200 ಮೀಟರಿಗಿಂತ ಕೆಳಗೆ, ಪ್ಯಾರಗೋರ್ಜಿಯಾ ಆರ್ಬೋರಿಯಾ ಎಂಬ ಕೆಂಪು ಅಥವಾ ಬಿಳಿ ಬಣ್ಣದ ಹವಳ ಹಲವು ಮೀಟರ್ ಎತ್ತರಕ್ಕೆ ಕವಲೊಡೆದು ನಿಲ್ಲುತ್ತದೆ. ಅದರ ಜೊತೆಗೆ ಬೆಳೆಯುವ ಪ್ರಿಮ್ನೋವಾ ಎಂಬ ಹವಳದ ಕಾಂಡದಲ್ಲಿರುವ ಬೆಳವಣಿಗೆಯ ಉಂಗುರಗಳನ್ನು ಅಧ್ಯಯನ ಮಾಡಿದಾಗ, ಕೆಲವು ಸಮೂಹಗಳಿಗೆ ಮುನ್ನೂರು ವರ್ಷಗಳಿಗೂ ಹೆಚ್ಚಿನ ವಯಸ್ಸಾಗಿರುವುದು ತಿಳಿಯಿತು. ಕೆನಡಾದ ಅಟ್ಲಾಂಟಿಕ್ ಕರಾವಳಿಯಾಚೆ ಈ ಎರಡು ಹವಳಗಳ ಕೇವಲ 25 ಮಾದರಿಗಳನ್ನು ಪರೀಕ್ಷಿಸಿದ ಸಂಶೋಧಕರಿಗೆ ಅವುಗಳ ಮೇಲೆ ನೆಲೆಸಿದ್ದ 114 ಜಾತಿಯ ಇತರ ಪ್ರಾಣಿಗಳು ಸಿಕ್ಕವು. ಕವಲುಳ್ಳ ನಕ್ಷತ್ರಮೀನು, ಸಿಗಡಿ, ಏಡಿ, ಹುಳುಗಳೆಲ್ಲ ಈ ಎತ್ತರವನ್ನೇ ಏರಿ ಸೆಳೆತದ ನೀರಿಗೆ ಮೈಯೊಡ್ಡುತ್ತವೆ. ಕೆಂಪು ಮೀನು ಎಂದು ವ್ಯಾಪಾರದಲ್ಲಿ ಪ್ರಸಿದ್ಧವಾದ ಸೆಬಾಸ್ಟಿಸ್ ಮೀನಿನ ಮರಿಗಳು ಕಡಲ ಗರಿಗಳ ಎಳೆಗಳ ನಡುವೆ ಆಸರೆ ಪಡೆಯುವುದನ್ನೂ ಪೂರ್ವ ಕೆನಡಾದ ಕಡಲಿನಲ್ಲಿ ಗುರುತಿಸಲಾಗಿದೆ. ಸಮತಟ್ಟಾದ ಕೆಸರಿನ ತಳದಲ್ಲಿ ಒಂದು ಹವಳ ನಿಂತಿತೆಂದರೆ ಅದರ ಸುತ್ತ ಒಂದು ವಸತಿಯೇ ಹುಟ್ಟುತ್ತದೆ.

ಈಗ ಅರಬ್ಬೀ ಸಮುದ್ರದ ಪ್ರಶ್ನೆಗೆ ಬರಬಹುದು. ಕರ್ನಾಟಕದ ಕರಾವಳಿಯಾಚೆ ಸುಮಾರು 150 ಮೀಟರ್ ಆಳದಿಂದ ಸಾವಿರ ಮೀಟರಿಗೂ ಕೆಳಗಿನವರೆಗೆ, ನೀರಿನಲ್ಲಿ ಕರಗಿದ ಆಮ್ಲಜನಕ ಅತ್ಯಲ್ಪವಾಗಿರುವ ಒಂದು ದಪ್ಪ ಪದರ ಹರಡಿದೆ. ಇದನ್ನು ಕನಿಷ್ಠ ಆಮ್ಲಜನಕ ವಲಯ ಎನ್ನುತ್ತಾರೆ. ಇದು ರೂಪುಗೊಳ್ಳಲು ಎರಡು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಮುಂಗಾರು ಗಾಳಿಯ ಒತ್ತಡದಿಂದ ಪೋಷಕಾಂಶ ತುಂಬಿದ ನೀರು ಮೇಲಕ್ಕೆ ಬಂದಾಗ ತೇಲುಸಸ್ಯಗಳು ಹುಲುಸಾಗಿ ಬೆಳೆದು, ಸತ್ತು ಕೆಳಗಿಳಿಯುತ್ತವೆ. ಅವನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಆಳದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಇನ್ನೊಂದೆಡೆ, ಏಷ್ಯಾದ ನೆಲವೇ ಉತ್ತರದ ಗೋಡೆಯಾಗಿ ನಿಂತಿರುವುದರಿಂದ, ಅಟ್ಲಾಂಟಿಕ್‌ನಲ್ಲಿ ಧ್ರುವದ ಕಡೆಯಿಂದ ಇಳಿದು ಬರುವಂಥ, ಆಮ್ಲಜನಕ ತುಂಬಿಕೊಂಡ ಹೊಸ ತಣ್ಣೀರು ಇಲ್ಲಿನ ನಡುಪದರಗಳನ್ನು ಉತ್ತರದಿಂದ ತಲುಪುವುದಿಲ್ಲ. ನಾರ್ವೆಯ 300 ಮೀಟರ್ ಆಳದ ನೀರು ತಣ್ಣಗಿದ್ದೂ ಉಸಿರಾಟಕ್ಕೆ ಯೋಗ್ಯವಾಗಿದೆ. ಕಾರವಾರದಾಚೆಯ ಅದೇ ಆಳದ ನೀರು ತಂಪಾಗಿದ್ದರೂ ಉಸಿರುಗಟ್ಟಿಸುವಂಥದ್ದು. ಮೃದು ಹವಳಕ್ಕೆ ಕಿವಿರುಗಳಿಲ್ಲ, ಸರಿದು ಹೋಗಲು ಕಾಲಿಲ್ಲ. ಮೈಯ ಮೇಲ್ಮೈಯಿಂದಲೇ ಆಮ್ಲಜನಕವನ್ನು ಹೀರಿಕೊಳ್ಳುವ ಅದಕ್ಕೆ ಇಂಥ ಪದರದಲ್ಲಿ ದೊಡ್ಡದಾಗಿ ಬೆಳೆಯುವುದು ದುಸ್ಸಾಧ್ಯ.

ಈ ಪದರದ ಪ್ರಭಾವ ದಂಡೆಯವರೆಗೂ ಚಾಚುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಆಳದ ತಂಪುನೀರು ಭೂಖಂಡಾವರಣದ ಮೇಲಕ್ಕೆ ಏರಿ ಬರುತ್ತದೆ. ಅದೇ ಸಮಯದಲ್ಲಿ ಪಶ್ಚಿಮ ಘಟ್ಟದ ಮೇಲೆ ಸುರಿದ ಮಳೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳಾಗಿ ಕಡಲು ಸೇರಿ, ಉಪ್ಪಿನಂಶ ಕಡಿಮೆಯಿರುವ ಹಗುರ ನೀರಿನ ತೆಳುಪದರವಾಗಿ ಮೇಲೆ ಹರಡುತ್ತದೆ. ಆ ಮುಚ್ಚಳದಿಂದಾಗಿ ಗಾಳಿಯ ಆಮ್ಲಜನಕ ಕೆಳಗಿಳಿಯದೆ, ತಳದ ನೀರಿನಲ್ಲಿ ಇದ್ದದ್ದೂ ಖರ್ಚಾಗಿ, ಸೆಪ್ಟೆಂಬರ್–ಅಕ್ಟೋಬರ್ ವೇಳೆಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವೂ ಉತ್ಪತ್ತಿಯಾಗುವ ಹಂತಕ್ಕೆ ಪರಿಸ್ಥಿತಿ ತಲುಪುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯೂ. ಎ. ನಕ್ವಿ ಮತ್ತು ಸಂಗಡಿಗರು ಭಾರತದ ಪಶ್ಚಿಮ ಭೂಖಂಡಾವರಣದಲ್ಲಿನ ಈ ವಿದ್ಯಮಾನವನ್ನು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಆಮ್ಲಜನಕದ ಕೊರತೆ ತೀವ್ರವಾದಂತೆ ಭೂತಾಪ ಹೆಚ್ಚಿಸುವ ನೈಟ್ರಸ್ ಆಕ್ಸೈಡ್ ಅನಿಲವೂ ಇಲ್ಲಿಂದ ಹೆಚ್ಚು ಹೊರಬೀಳುತ್ತದೆಂಬುದು ಅವರ ಮುಖ್ಯ ನಿಷ್ಕರ್ಷೆ. ಹೊಲಗಳಿಂದ ತೊಳೆದುಹೋಗುವ ಗೊಬ್ಬರದ ಸಾರಜನಕವೂ ಕರಾವಳಿಯ ಈ ಕೊರತೆಯನ್ನು ಹೆಚ್ಚಿಸುವ ಅಂಶಗಳಲ್ಲಿ ಒಂದೆಂದು ಅವರು ಎಣಿಸಿದ್ದರಿಂದ, ಸಮುದ್ರದ ತಳದ ಈ ಕಥೆ ಒಳನಾಡಿನ ಕೃಷಿಗೂ ಸಂಬಂಧಪಟ್ಟದ್ದು.

ಹಾಗೆಂದು ಭಾರತದ ಕಡಲಿನಲ್ಲಿ ತಣ್ಣೀರಿನ ಹವಳಗಳೇ ಇಲ್ಲವೆಂದು ತಿಳಿಯಬಾರದು. ದಕ್ಷಿಣಕ್ಕೆ ಹೋದಂತೆ ಕನಿಷ್ಠ ಆಮ್ಲಜನಕ ವಲಯದ ತೀವ್ರತೆ ಇಳಿಯುತ್ತದೆ. ಆ ವಲಯದ ಕೆಳಗೆ ಆಮ್ಲಜನಕ ಮತ್ತೆ ಏರುತ್ತದೆ. ಮುಂಬಯಿಯ ಹಡಗುಕಟ್ಟೆಯಲ್ಲಿ 1881ರಲ್ಲಿ ನಿರ್ಮಾಣವಾದ ‘ಇನ್ವೆಸ್ಟಿಗೇಟರ್’ ಎಂಬ ಸರ್ವೆ ಹಡಗು ಈ ಆಳಗಳನ್ನು ಮೊದಲು ಜಾಲಾಡಿತು. ವೈದ್ಯರೂ ಪ್ರಾಣಿಶಾಸ್ತ್ರಜ್ಞರೂ ಆಗಿದ್ದ ಆಲ್ಫ್ರೆಡ್ ವಿಲಿಯಂ ಆಲ್ಕಾಕ್ 1888ರಿಂದ 1892ರವರೆಗೆ ಅದರಲ್ಲಿದ್ದು, ಬಲೆಯಲ್ಲಿ ಮೇಲೆ ಬಂದ ಜೀವಿಗಳನ್ನು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿಗೆ ಸೇರಿಸಿದರು. ತಿರುವಾಂಕೂರಿನ ಕರಾವಳಿಯಾಚೆ 430 ಫ್ಯಾದಂ, ಎಂದರೆ ಸುಮಾರು 785 ಮೀಟರ್ ಆಳದ ಒಂದೇ ತಾಣದಲ್ಲಿ ಹವಳಗಳೂ ಅವುಗಳ ಸಂಗಾತಿ ಜೀವಿಗಳೂ ರಾಶಿಯಾಗಿ ಸಿಕ್ಕವು. ಗಟ್ಟಿ ಹವಳಗಳ ವಿವರಣೆಯನ್ನು ಆಲ್ಕಾಕ್ ಅವರೇ 1898ರಲ್ಲಿ ಪ್ರಕಟಿಸಿದರೆ, ಎಂಟು ಸ್ಪರ್ಶಾಂಗಗಳ ಬಳಗವನ್ನು ಆಬರ್ಡೀನ್ ವಿಶ್ವವಿದ್ಯಾಲಯದ ಜೆ. ಆರ್ಥರ್ ಥಾಮ್ಸನ್ ಮತ್ತು ಡಬ್ಲ್ಯೂ. ಡಿ. ಹೆಂಡರ್ಸನ್ 1906ರಲ್ಲಿ, ಆಳದ ಜಾತಿಗಳಿಗೇ ಮೀಸಲಾದ ಒಂದು ಸಂಪುಟದಲ್ಲಿ ವರ್ಣಿಸಿದರು. ತೀರದ ಜಾತಿಗಳ ಸಂಪುಟ 1909ರಲ್ಲಿ ಹೊರಬಂದಿತು. ಹಿಂದೂ ಮಹಾಸಾಗರದ ಮೃದು ಹವಳಗಳ ಮೇಲೆ ಕೆಲಸ ಮಾಡುವ ಯಾರೂ ಇಂದಿಗೂ ಈ ಸಂಪುಟಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಇನ್ನು ಈ ನೆಲೆಗಳಿಗಿರುವ ಕಂಟಕದ ವಿಚಾರ. ನೆಲದ ಮೇಲೆ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯ ಭಾರವಾದ ಸರಪಳಿ ಮತ್ತು ಹಲಗೆಗಳು, ಎದುರಾದ ಹವಳವನ್ನು ಮುರಿಯುತ್ತವೆ ಇಲ್ಲವೇ ಕಿತ್ತೊಗೆಯುತ್ತವೆ. ನಾರ್ವೆಯ ಆಳದ ಗಟ್ಟಿ ಹವಳದ ದಿಬ್ಬಗಳಲ್ಲಿ ಶೇಕಡಾ 30ರಿಂದ 50ರಷ್ಟು ಟ್ರಾಲ್ ಮೀನುಗಾರಿಕೆಯಿಂದ ಹಾನಿಗೊಂಡಿವೆ ಅಥವಾ ಬಾಧಿತವಾಗಿವೆ ಎಂದು ಅಲ್ಲಿನ ಸಾಗರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಂದಾಜು ಮಾಡಿದ್ದರು. 1999ರಲ್ಲಿ ನಾರ್ವೆ ಸರ್ಕಾರ ಹವಳದ ದಿಬ್ಬಗಳಿಗೆ ಕಾನೂನಿನ ರಕ್ಷಣೆ ನೀಡಿ, ಸೂಲಾ ಎಂಬಲ್ಲಿನ ದಿಬ್ಬದ ಮೇಲೆ ತಳದ ಟ್ರಾಲ್ ಮೀನುಗಾರಿಕೆಯನ್ನು ನಿಷೇಧಿಸಿತು. ಕೆನಡಾ 2002ರಲ್ಲಿ ಪ್ಯಾರಗೋರ್ಜಿಯಾ, ಪ್ರಿಮ್ನೋವಾಗಳ ನೆಲೆಯಾದ 424 ಚದರ ಕಿಲೋಮೀಟರ್ ಪ್ರದೇಶವನ್ನು ಕಾಯ್ದಿರಿಸಿತು. ಯುರೋಪಿನ ಒಕ್ಕೂಟ 2016ರಲ್ಲಿ ತನ್ನ ಈಶಾನ್ಯ ಅಟ್ಲಾಂಟಿಕ್ ನೀರಿನಲ್ಲಿ 800 ಮೀಟರಿಗಿಂತ ಆಳದ ಟ್ರಾಲ್ ಮೀನುಗಾರಿಕೆಯನ್ನೇ ನಿಲ್ಲಿಸಿತು. ಮೆತ್ತನೆಯ ಹವಳ ಬಾಗಿ ಬದುಕುತ್ತದೆ, ಅದಕ್ಕೆ ಇಷ್ಟು ರಕ್ಷಣೆ ಬೇಕಿಲ್ಲ ಎಂಬ ಭಾವನೆಗೆ ಕೆನಡಾದ ಸಂಶೋಧಕರು ಗೆರ್ಸೇಮಿಯಾ ರೂಬಿಫಾರ್ಮಿಸ್ ಎಂಬ ಮೃದು ಹವಳದ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಕೊಡುತ್ತದೆ. ಟ್ರಾಲ್ ಉರುಳುವ ಒತ್ತಡವನ್ನು ಅನುಕರಿಸಿ ಸಮೂಹಗಳನ್ನು ಮತ್ತೆ ಮತ್ತೆ ಜಜ್ಜಿದಾಗ ಅವು ಕುಗ್ಗಿ ಮುದುಡಿಕೊಂಡವು, ಗಾಯಗಳೂ ಮಾಯ್ದವು. ಆದರೆ ಒಡಲಲ್ಲಿ ಬೆಳೆಯುತ್ತಿದ್ದ ಲಾರ್ವಾಗಳು ಬಲಿಯುವ ಮೊದಲೇ ಹೊರಬಿದ್ದವು, ಹಾಗೆ ಅಕಾಲದಲ್ಲಿ ಹೊರಬಿದ್ದವುಗಳಿಗೆ ಬಾಳುವ ಅವಕಾಶ ತೀರ ಕಡಿಮೆ. ಹೊರಗಿನಿಂದ ನೋಡಿದರೆ ಜೀವಂತವಾಗಿರುವ ಸಮೂಹ ಮುಂದಿನ ತಲೆಮಾರನ್ನು ಕಳೆದುಕೊಂಡಿರಬಹುದು.

ನಾರ್ವೆಗೂ ಕಾರವಾರಕ್ಕೂ ಈ ವಿಷಯದಲ್ಲಿ ಒಂದು ಹಳೆಯ ನಂಟಿದೆ. 1950ರ ದಶಕದಲ್ಲಿ ಕೇರಳದ ನೀಂಡಕರದಲ್ಲಿ ಆರಂಭವಾದ ಭಾರತ–ನಾರ್ವೆ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿ, ಯಂತ್ರದ ದೋಣಿಗಳ ಮೀನುಗಾರಿಕೆಗೆ ಪ್ರೋತ್ಸಾಹ ನೀಡಿತು. ಹಲವು ಊರವರು ಒಟ್ಟಾಗಿ ದಡದಿಂದಲೇ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ ಮುಂದಿನ ದಶಕಗಳಲ್ಲಿ ಹಿಂದೆ ಸರಿಯಿತು. ಮಂಗಳೂರು, ಮಲ್ಪೆಗಳ ಟ್ರಾಲರ್‌ಗಳು ಹಲವು ದಿನಗಳ ಯಾನ ಕೈಗೊಂಡು ನೂರು ಮೀಟರ್ ಆಳವನ್ನು ದಾಟಿ ಹೋಗಲಾರಂಭಿಸಿದವು. ಕೇರಳದ ಕೊಲ್ಲಂ ಕರಾವಳಿಯಾಚೆ ಈ ಶತಮಾನದ ಆರಂಭದ ಹೊತ್ತಿಗೆ 200 ಮೀಟರಿಗಿಂತ ಆಳದ ಸಿಗಡಿಗಾಗಿಯೂ ಟ್ರಾಲ್ ಎಳೆಯುವುದು ರೂಢಿಯಾಯಿತು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗಿರುವ ನಿಷೇಧವು ಮೀನಿನ ಸಂತಾನೋತ್ಪತ್ತಿಯ ಕಾಲವನ್ನು ಕಾಯಲು ಮಾಡಿದ ವ್ಯವಸ್ಥೆ, ಮೀನಿನ ಮಟ್ಟಿಗೆ ಅದು ಸರಿಯಾದದ್ದು. ಆದರೆ ಸ್ಥಿರವಾಗಿ ಒಂದೆಡೆ ನಿಂತು ದಶಕಗಟ್ಟಲೆ ಬೆಳೆಯುವ ಜೀವಿಗೆ ವರ್ಷಕ್ಕೆ 61 ದಿನಗಳ ಬಿಡುವು ಯಾವ ರಕ್ಷಣೆಯೂ ಅಲ್ಲ. ಅದಕ್ಕೆ ಬೇಕಾದದ್ದು ಗುರುತಿಸಿ ಬಿಟ್ಟ ಜಾಗ. ಕಡಲ ಬೀಸಣಿಗೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಿದ್ದರಿಂದ ಅವುಗಳನ್ನು ಕಿತ್ತು ಮಾರುವುದಕ್ಕೆ ತಡೆ ಬಿದ್ದಿತು, ನಿಜ. ಬಲೆಯ ಸರಪಳಿಗೆ ಆ ಅನುಸೂಚಿ ಅಡ್ಡಬರುವುದಿಲ್ಲ.

ಜಾಗ ಗುರುತಿಸುವ ಕೆಲಸಕ್ಕೆ ಬೇಕಾದ ಸಂಸ್ಥೆಗಳು ದೇಶದಲ್ಲಿವೆ. ಕೊಚ್ಚಿಯ ಸಾಗರ ಜೀವಿ ಸಂಪನ್ಮೂಲ ಮತ್ತು ಪರಿಸರ ಕೇಂದ್ರವು 1984ರಿಂದ ಕಡಲಿನಲ್ಲಿರುವ ‘ಸಾಗರ ಸಂಪದ’ ಹಡಗಿನ ನೆರವಿನಿಂದ ಭೂಖಂಡದ ಇಳಿಜಾರಿನ ತಳಜೀವಿಗಳ ಸರ್ವೇಕ್ಷಣೆ ಮಾಡುತ್ತ ಬಂದಿದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ 4,077 ಕೋಟಿ ರೂಪಾಯಿಗಳ ಆಳಸಾಗರ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಆಳದ ಜೀವವೈವಿಧ್ಯದ ಅಧ್ಯಯನವನ್ನೂ ಅದರ ಅಂಗವಾಗಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ. ಸವಣೂರು, ಶಿಗ್ಗಾಂವಿ, ಹಾನಗಲ್ಲಿನ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದಿದ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಮುಂದುವರಿಯಲು ದೂರದ ಊರಿಗೆ ಹೋಗಬೇಕಾಗಿಲ್ಲ. ಸ್ಕ್ಲಿರೈಟ್‌ಗಳ ಆಕಾರ ನೋಡಿ ಮೃದು ಹವಳವನ್ನು ಗುರುತಿಸಬಲ್ಲ ತಜ್ಞರು ಎಲ್ಲೆಡೆಯೂ ವಿರಳ. ಹಡಗು ಮಾದರಿಯನ್ನು ಮೇಲೆ ತಂದ ಮೇಲೂ ಅದರ ಹೆಸರು ಹೇಳುವವರಿಲ್ಲದಿದ್ದರೆ ಅದು ಶೀಶೆಯಲ್ಲಿ ಉಳಿಯುತ್ತದೆ, ರಕ್ಷಣೆಯ ನಕ್ಷೆಗೆ ಏರುವುದಿಲ್ಲ. ಆದ್ದರಿಂದ ಹಡಗು ಮತ್ತು ಜಲಾಂತರ್ವಾಹಿನಿಗಳಿಗೆ ಮಾಡುವ ವೆಚ್ಚದ ಒಂದು ಸಣ್ಣ ಪಾಲನ್ನಾದರೂ ಇಂಥ ವರ್ಗೀಕರಣದ ತರಬೇತಿಗೆ, ಅದರಲ್ಲೂ ಕರಾವಳಿಯ ವಿಭಾಗಗಳಲ್ಲಿ ಕಲಿಯುವ ಒಳನಾಡಿನ ವಿದ್ಯಾರ್ಥಿಗಳಿಗೆ, ಮೀಸಲಿಡುವುದು ಅಗತ್ಯ.